ಪರದೆಯ ಹಿಂದೆ ನಾನು ಎತ್ತಿಕೊಂಡ ಚೀಟಿ: ಇಸ್ರೇಲಿನ ಎಡಪಕ್ಷಗಳ ಪ್ರಚಾರದ ಬಗ್ಗೆ ಒಂದು ತಕರಾರು

ಹೈಫಾದ ಸೊಸೆ:

ಹೋದ ವಾರ ಇಲ್ಲಿ ಒಬ್ಬರು "ಇಸ್ರೇಲಿನಲ್ಲಿ ಎಡಪಂಥ ಎನ್ನುವುದು ಇನ್ನೂ ಉಸಿರಾಡುತ್ತಿದೆಯೇ?" ಎಂದು ಕೇಳಿದ್ದರು. ಉತ್ತರ ಬರೆಯಲು ಕುಳಿತೆ, ಅದು ಬೆಳೆಯುತ್ತಲೇ ಹೋಯಿತು. ಹಾಗಾಗಿ ಬೇರೆ ಚರ್ಚೆಯಾಗಿಯೇ ಹಾಕುತ್ತಿದ್ದೇನೆ.

ನನ್ನ ತವರು ಪುತ್ತೂರಿನ ಕಡೆ. ಮದುವೆಯಾಗಿ ಹೈಫಾಕ್ಕೆ ಬಂದವಳು. ಪೌರತ್ವ ಕೈಗೆ ಬಂದ ಮೇಲೆ ಎದುರಾದದ್ದು 2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗಿನ ಐದು ಸಾರ್ವತ್ರಿಕ ಚುನಾವಣೆಗಳು. ಮೊದಲ ನಾಲ್ಕರಲ್ಲಿ ಎಡಪಂಥದ ಮೆರೆಟ್ಸ್ ಪಕ್ಷಕ್ಕೆ, ಅಥವಾ ಆ ಸಲ ಅದು ಯಾರ ಜೊತೆ ಕೂಡಿಕೊಂಡಿತ್ತೋ ಆ ಪಟ್ಟಿಗೆ ಮತ ಹಾಕಿದೆ. ಐದನೆಯದರಲ್ಲಿ ಏನು ಮಾಡಿದೆ ಎಂಬುದನ್ನು ಹೇಳಿಕೊಳ್ಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ಇಲ್ಲಿ ನಮ್ಮ ಕಡೆಯಂತೆ ಕ್ಷೇತ್ರಗಳಿಲ್ಲ, ಅಭ್ಯರ್ಥಿಯ ಹೆಸರಿಗೆ ಮತವಿಲ್ಲ, ಮತಯಂತ್ರವೂ ಇಲ್ಲ. ಇಡೀ ದೇಶವೇ ಒಂದು ಕ್ಷೇತ್ರ, ಸಂಸತ್ತಾದ ಕ್ನೆಸೆಟ್‌ನಲ್ಲಿ 120 ಸ್ಥಾನ, ಪಕ್ಷ ಕೊಟ್ಟ ಪಟ್ಟಿಗೆ ಮತ. ಶಾಲೆಯ ಕೊಠಡಿಯಲ್ಲಿ ರಟ್ಟಿನ ಪರದೆಯ ಹಿಂದೆ ಖಾನೆಗಳಿರುವ ಒಂದು ತಟ್ಟೆ ಇಟ್ಟಿರುತ್ತಾರೆ. ಪಕ್ಷಕ್ಕೊಂದು ಚೀಟಿ, ಚೀಟಿಯ ಮೇಲೆ ಒಂದರಿಂದ ಮೂರು ಹೀಬ್ರೂ ಅಕ್ಷರ. ಬೇಕಾದುದನ್ನು ಎತ್ತಿ ಲಕೋಟೆಗೆ ಹಾಕಿ, ಹೊರಗೆ ಬಂದು ಪೆಟ್ಟಿಗೆಗೆ ಇಳಿಸಬೇಕು. ಇನ್ನೊಂದು ಎಡಪಕ್ಷವಾದ ಲೇಬರ್‌ನ ಅಕ್ಷರಗಳನ್ನು ಕೂಡಿಸಿ ಓದಿದರೆ "ಎಮೆತ್", ಅಂದರೆ ಸತ್ಯ. ಯಾಯಿರ್ ಲಪೀದರ ನಡುಪಂಥದ ಯೆಶ್ ಅತೀದ್ ಪಕ್ಷದ್ದು "ಪೋ", ಅಂದರೆ ಇಲ್ಲಿ. ನಮ್ಮ ತುಳುವಿನಲ್ಲಿ ಪೋ ಎಂದರೆ ಹೋಗು. ಪ್ರತಿ ಸಲವೂ ಆ ಚೀಟಿ ನೋಡಿ ಒಳಗೊಳಗೇ ನಗುತ್ತೇನೆ.

ಒಟ್ಟು ಮತದಲ್ಲಿ 3.25 ಶೇಕಡಾ ದಾಟದ ಪಕ್ಷಕ್ಕೆ ಒಂದು ಸ್ಥಾನವೂ ಇಲ್ಲ. ದಾಟಿದರೆ ನಾಲ್ಕು ಸ್ಥಾನ ಬಂತೆಂದೇ ಲೆಕ್ಕ, ದಾಟದಿದ್ದರೆ ಬಿದ್ದ ಮತವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಈ ಬೇಲಿಯೇ ನನ್ನ ಕಥೆಯ ಮುಖ್ಯ ಪಾತ್ರ.

2022ರ ನವೆಂಬರ್ 1, ಮಂಗಳವಾರ. ಮತದಾನಕ್ಕೆ ಮುಂಚಿನ ಶುಕ್ರವಾರದ ನಂತರ ಸಮೀಕ್ಷೆಗಳನ್ನು ಪ್ರಕಟಿಸುವಂತಿಲ್ಲ. ಆ ಶುಕ್ರವಾರದವರೆಗೆ ಬಂದವುಗಳಲ್ಲಿ ಮೆರೆಟ್ಸ್‌ಗೆ ನಾಲ್ಕೋ ಐದೋ ಸ್ಥಾನ ತೋರಿಸುತ್ತಿದ್ದರು. ಇತ್ತ ಲಪೀದರ ಪಕ್ಷದವರು "ನಮ್ಮ ಪಟ್ಟಿ ದೊಡ್ಡದಾದಷ್ಟೂ ಒಳ್ಳೆಯದು" ಎಂದು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದರು. ಪರದೆಯ ಹಿಂದೆ ಹತ್ತು ನಿಮಿಷವಾದರೂ ನಿಂತಿರಬೇಕು. ಮತಗಟ್ಟೆಯ ಹೆಂಗಸು ಕೆಮ್ಮಿ ಎಚ್ಚರಿಸಿದಳು. ಮೆರೆಟ್ಸ್ ಹೇಗೂ ದಾಟುತ್ತದೆ, ನನ್ನ ಒಂದು ಮತ ಲಪೀದರಿಗೆ ಹೋದರೆ ನೆತನ್ಯಾಹು ವಿರೋಧಿ ಬಣಕ್ಕೆ ಲಾಭ ಎಂದು ನನಗೆ ನಾನೇ ಹೇಳಿಕೊಂಡು "ಪೋ" ಎತ್ತಿಕೊಂಡೆ.

ಮೆರೆಟ್ಸ್‌ಗೆ ಬಂದದ್ದು 3.16 ಶೇಕಡಾ. ಕಡಿಮೆ ಬಿದ್ದದ್ದು ನಾಲ್ಕು ಸಾವಿರದ ಆಸುಪಾಸು ಮತ. 1992ರಿಂದ ಒಮ್ಮೆಯೂ ತಪ್ಪದೆ ಕ್ನೆಸೆಟ್‌ನಲ್ಲಿದ್ದ ಪಕ್ಷ ಹೊರಬಿತ್ತು. ಸೈನಿಕರ ಮತಗಳಿರುವ ಜೋಡಿ ಲಕೋಟೆಗಳನ್ನು ಕೊನೆಗೆ ಎಣಿಸುತ್ತಾರೆ. ಅವು ಮುಗಿಯುವವರೆಗೂ ನಾನು ಮೊಬೈಲ್ ಕೆಳಗಿಡಲಿಲ್ಲ. ನನ್ನಂತೆ ಜಾಣತನ ಮಾಡಿದವರು ನಾಲ್ಕು ಸಾವಿರಕ್ಕಿಂತ ಹೆಚ್ಚೇ ಇದ್ದಿರಬೇಕು.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಆ ಜಾಣತನವನ್ನು ನನಗೆ ಕಲಿಸಿದವರು ಯಾರು? ಇಲ್ಲಿನ ರಾಜಕೀಯ ಭಾಷೆಯಲ್ಲಿ ಒಂದು ಮಾತಿದೆ: ದೊಡ್ಡ ಪಕ್ಷ ಪಕ್ಕದ ಚಿಕ್ಕ ಪಕ್ಷದ ಸ್ಥಾನಗಳನ್ನು "ಕುಡಿಯುತ್ತದೆ". ಇನ್ನೊಂದು ಮಾತು "ಗೆವಾಲ್ಟ್", ಯಿದ್ದಿಷ್ ಭಾಷೆಯ ಅಯ್ಯಯ್ಯೋ. ಕೊನೆಯ ವಾರ ಚಿಕ್ಕ ಪಕ್ಷ "ಅಯ್ಯಯ್ಯೋ, ಬೇಲಿಯ ಕೆಳಗೆ ಬೀಳುತ್ತಿದ್ದೇವೆ" ಎನ್ನುತ್ತದೆ, ದೊಡ್ಡ ಪಕ್ಷ "ಅಯ್ಯಯ್ಯೋ, ನಾವು ಎರಡನೆಯ ಸ್ಥಾನಕ್ಕೆ ಜಾರುತ್ತಿದ್ದೇವೆ" ಎನ್ನುತ್ತದೆ. ಪ್ರತಿ ಸಲವೂ ತೋಳ ಬಂತು ತೋಳ ಎಂದು ಕೇಳಿ ಕೇಳಿ, ನಿಜವಾಗಿ ಬಂದ ದಿನ ನಾನು ನಂಬಲಿಲ್ಲ.

ಅದೇ ಅಕ್ಟೋಬರ್‌ನಲ್ಲಿ ನಮ್ಮ ಮನೆಯಲ್ಲಿ ಒಂದು "ಹುಗ್ ಬಾಯಿತ್" ನಡೆಯಿತು. ಯಾರಾದರೂ ತಮ್ಮ ಮನೆಗೆ ಪರಿಚಿತರನ್ನು ಕರೆದು ಅಭ್ಯರ್ಥಿಯನ್ನು ಕೂರಿಸಿ ಮಾತಾಡಿಸುವ ಮನೆಸಭೆ ಅದು. ನಾನು ಚಕ್ಕುಲಿ ಮಾಡಿದ್ದೆ. ಹದಿನಾಲ್ಕು ಜನ ಬಂದರು. ಎಲ್ಲರೂ ಮೆರೆಟ್ಸ್‌ಗೋ ಲೇಬರ್‌ಗೋ ಹಾಕುವವರೇ, ಹೊರಗಿನವರು ಒಬ್ಬರೂ ಇಲ್ಲ. ಎರಡು ಗಂಟೆ ಮಾತಾಯಿತು. ಕೇಳಿದ ಪ್ರಶ್ನೆ ಒಂದೇ: "ನೀವು ಬೇಲಿ ದಾಟುತ್ತೀರಾ?" ಬಾಡಿಗೆ, ಆಸ್ಪತ್ರೆ, ಶಾಲೆ, ಆಕ್ರಮಿತ ಪ್ರದೇಶ ಯಾವುದರ ಬಗ್ಗೆಯೂ ಯಾರೂ ಬಾಯಿ ಬಿಡಲಿಲ್ಲ. ಬಂದ ಅಭ್ಯರ್ಥಿಯೂ ಚಕ್ಕುಲಿ ಮುರಿಯುತ್ತಾ ಸಮೀಕ್ಷೆಯ ಅಂಕಿಗಳನ್ನೇ ಹೇಳಿದರು. ಇದೇ ನನ್ನ ತಕರಾರು. ನಮ್ಮ ಪಕ್ಷಗಳು ನೆತನ್ಯಾಹು ಅವರ ಬಲಪಂಥದ ಲಿಕುಡ್‌ಗೆ ಹಾಕುವವನ ಮನೆಬಾಗಿಲಿಗೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಅವರ ಪ್ರಚಾರವೆಲ್ಲ ನನ್ನ ಮತ್ತು ನನ್ನ ನಾದಿನಿಯ ಮತಗಳ ನಡುವೆಯೇ ನಡೆಯುತ್ತದೆ.

ಲೆಕ್ಕದ ಶಾನುಭೋಗ:

ಒಳ್ಳೆಯ ಬರಹ. ಒಂದೆರಡು ಅಂಕಿ ಸೇರಿಸುತ್ತೇನೆ. ಆ ಚುನಾವಣೆಯಲ್ಲಿ ಅರಬ್ ಪಕ್ಷ ಬಲದ್ ಕೂಡ 2.9 ಶೇಕಡಾಕ್ಕೆ ನಿಂತು ಹೊರಬಿತ್ತು. ಮೆರೆಟ್ಸ್, ಬಲದ್ ಎರಡೂ ಸೇರಿ ಸುಮಾರು 2,89,000 ಮತ ನೀರುಪಾಲು. ಎರಡು ಬಣಗಳ ಒಟ್ಟು ಮತ ಹೆಚ್ಚುಕಡಿಮೆ ಸಮಸಮ. ಆದರೂ ನೆತನ್ಯಾಹು ಬಣಕ್ಕೆ 64 ಸ್ಥಾನ.

ತಮಾಷೆಯೆಂದರೆ ಎಡಪಂಥದವರು ಇಂದಿಗೂ ಕಣ್ಣರಳಿಸಿ ನೆನೆಯುವ 1992ರ ಗೆಲುವಿನಲ್ಲಿ ಆದದ್ದೂ ಇದೇ, ಕನ್ನಡಿಯಲ್ಲಿ ನೋಡಿದಂತೆ. ಆ ಸಲ ಬೇಲಿಯನ್ನು 1ರಿಂದ 1.5 ಶೇಕಡಾಕ್ಕೆ ಏರಿಸಿದ್ದರು. ಬಲಪಂಥದ ತೆಹಿಯಾ ಪಕ್ಷ ಅದನ್ನು ದಾಟಲಾಗದೆ ಬಿತ್ತು. ಯಿತ್ಜಾಕ್ ರಾಬಿನ್ ಅವರ ಲೇಬರ್ 44, ಮೆರೆಟ್ಸ್ 12, ಅರಬ್-ಯಹೂದಿ ಎಡಪಕ್ಷ ಹದಾಶ್ 3, ಅರಬ್ ಡೆಮಾಕ್ರಟಿಕ್ ಪಕ್ಷ 2. ಕೂಡಿದರೆ 61. ಒಂದು ಸ್ಥಾನ ಅತ್ತಿತ್ತ ಆಗಿದ್ದರೆ ಪ್ಯಾಲೆಸ್ಟೀನಿಯರ ಜೊತೆಗಿನ ಓಸ್ಲೋ ಒಪ್ಪಂದವೇ ಇರುತ್ತಿರಲಿಲ್ಲವೇನೋ. ಅಂದು ಬಲಗಡೆಯವರು ಒಡೆದು ಹಂಚಿಹೋಗಿದ್ದರು, ಮೂವತ್ತು ವರ್ಷದ ನಂತರ ಎಡಗಡೆಯವರು.

ಜಯನಗರ ನಾಲ್ಕನೇ ಬ್ಲಾಕ್:

ಕೆಲಸದ ಮೇಲೆ ಎರಡು ವರ್ಷ ಹೆರ್ಜ್‌ಲಿಯಾದಲ್ಲಿದ್ದೆ. ಸಹೋದ್ಯೋಗಿಗಳಲ್ಲಿ ಲಿಕುಡ್‌ನವರೂ ಇದ್ದರು, ಒಳ್ಳೆಯ ಜನ. ನನಗೆ ಈ ಬೇಲಿ, ಚೀಟಿ, ಮನೆಸಭೆಗಳ ಕಥೆ ನೆಪದಂತೆ ಕಾಣುತ್ತದೆ. ಸರಕೇ ಬಿಕರಿಯಾಗದಿದ್ದರೆ ಅಂಗಡಿಯ ಬೋರ್ಡಿಗೆ ಬಣ್ಣ ಬಳಿದು ಏನು ಪ್ರಯೋಜನ? 1993ರಲ್ಲಿ ಓಸ್ಲೋ ಒಪ್ಪಂದಕ್ಕೆ ಕೈಕುಲುಕಿದರು, 1996ರಲ್ಲಿ ಬಸ್ಸುಗಳು ಸ್ಫೋಟಿಸಿದವು. 2000ದಲ್ಲಿ ಎರಡನೇ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ದಂಗೆ, ಶುರುವಾಗಿ ವರ್ಷಗಟ್ಟಲೆ ಜನ ಕಾಫಿ ಅಂಗಡಿಗೆ ಹೋಗಲು ಹೆದರಿದರು. 2005ರಲ್ಲಿ ಗಾಜಾದಿಂದ ಹೊರಬಂದರು, ರಾಕೆಟ್ ಬಂತು. ಕೊನೆಗೆ 2023ರ ಅಕ್ಟೋಬರ್ 7ರ ಹಮಾಸ್ ದಾಳಿ. ಮತದಾರ ದಡ್ಡನಲ್ಲ. ನೀವು ಹೈಫಾದಲ್ಲಿರುವವರು, 2003ರ ಬಸ್ ಸ್ಫೋಟ ನಿಮಗೆ ಗೊತ್ತಿರಲೇಬೇಕು.

ಹೈಫಾದ ಸೊಸೆ:

ಗೊತ್ತಿದೆ. 37ನೇ ನಂಬರಿನ ಬಸ್, 2003ರ ಮಾರ್ಚ್ 5, ಸತ್ತವರು 17 ಜನ, ಹಲವರು ವಿದ್ಯಾರ್ಥಿಗಳು. ನನ್ನ ಅತ್ತೆ ಇಂದಿಗೂ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗುವುದಿಲ್ಲ. ಆದ್ದರಿಂದ ನೀವು ಹೇಳಿದ್ದರಲ್ಲಿ ಅರ್ಧ ನನಗೂ ಒಪ್ಪಿಗೆ. ಭಯ ನಿಜವಾದದ್ದು, ಅದನ್ನು ಲಿಕುಡ್ ಹುಟ್ಟಿಸಲಿಲ್ಲ.

ಉಳಿದರ್ಧ ಕೇಳಿ. ಸರಕು ಬಿಕರಿಯಾಗಲಿಲ್ಲ ಎನ್ನುತ್ತೀರಿ. ಅಂಗಡಿಯಲ್ಲಿ ಸರಕು ಇಟ್ಟಿದ್ದರೆ ತಾನೇ? 2015ರಲ್ಲಿ ಲೇಬರ್‌ನ ಹೆರ್ಜೋಗ್ ಮತ್ತು ನಡುಪಂಥದ ಲಿವ್ನಿ ಜೊತೆಯಾಗಿ ಜಿಯೋನಿಸ್ಟ್ ಯೂನಿಯನ್ ಕಟ್ಟಿದಾಗ ಆ ಬಣದ ಒಟ್ಟು ಘೋಷಣೆ "ಬೀಬಿ ಒಬ್ಬ ಬೇಡ" (ಬೀಬಿ ಎಂದರೆ ನೆತನ್ಯಾಹು). ಯಾರು ಬೇಡ ಎಂಬುದು ಸ್ಪಷ್ಟ, ಏನು ಬೇಕು ಎಂಬುದು ಗೋಡೆಯ ಮೇಲೆ ಎಲ್ಲೂ ಇಲ್ಲ. ಶಾಂತಿ ಎಂಬ ಪದ ಬಾಯಲ್ಲಿ ಬಂದರೆ ಮತ ಹೋಗುತ್ತದೆಂದು ಸಲಹೆಗಾರರು ಹೇಳಿರಬೇಕು. ಎದುರು ಪಕ್ಷದವರು ಇದೇ ಸಮಯದಲ್ಲಿ ಏನು ಮಾಡುತ್ತಿದ್ದರು? ನೆತನ್ಯಾಹು ಮಕ್ಕಳನ್ನು ನೋಡಿಕೊಳ್ಳಲು ಮನೆಗೆ ಬರುವ "ಬೀಬಿ ಸಿಟ್ಟರ್" ಎಂಬ ನಗೆಯ ಜಾಹೀರಾತು ಬಿಟ್ಟರು. ಮತದಾನದ ದಿನ ಅದೇ ಮನುಷ್ಯ ಕ್ಯಾಮೆರಾದ ಮುಂದೆ ಕೂತು ಅರಬ್ ಮತದಾರರು ಹಿಂಡುಹಿಂಡಾಗಿ ಮತಗಟ್ಟೆಗೆ ಹೋಗುತ್ತಿದ್ದಾರೆ, ಎಡಪಂಥದ ಸಂಘಟನೆಗಳು ಬಸ್ಸಿನಲ್ಲಿ ಕರೆತರುತ್ತಿವೆ ಎಂದ. ಮೊದಲು ನಗು, ಕೊನೆಗೆ ಗೆವಾಲ್ಟ್. ರಾತ್ರಿ ಹತ್ತರ ಮತಗಟ್ಟೆ ಸಮೀಕ್ಷೆಯಲ್ಲಿ ಲಿಕುಡ್‌ಗೂ ಜಿಯೋನಿಸ್ಟ್ ಯೂನಿಯನ್‌ಗೂ 27–27 ಎಂದು ತೋರಿಸಿದ್ದು ಬೆಳಗಾಗುವಾಗ 30–24 ಆಗಿತ್ತು.

ರಾಬಿನ್ 1992ರಲ್ಲಿ ಸರಕು ಮುಚ್ಚಿಡಲಿಲ್ಲ. "ಇಸ್ರೇಲ್ ರಾಬಿನ್‌ಗಾಗಿ ಕಾಯುತ್ತಿದೆ" ಎಂಬುದು ವ್ಯಕ್ತಿಪೂಜೆಯೇ, ನಿಜ. ಆದರೆ ಅದರ ಕೆಳಗೆ ಒಂದು ಮಾತಿತ್ತು: ಆಕ್ರಮಿತ ಪ್ರದೇಶದ ಯಹೂದಿ ವಸಾಹತುಗಳಿಗೆ ಸುರಿಯುವ ಹಣವನ್ನು ಒಳನಾಡಿನ ಕೆಲಸ, ರಸ್ತೆ, ಶಾಲೆಗಳಿಗೆ ತಿರುಗಿಸುತ್ತೇನೆ. ಕೆಲಸವಿಲ್ಲದ ಊರಿನವನಿಗೆ, ಆಗಷ್ಟೇ ರಷ್ಯಾದಿಂದ ಬಂದಿಳಿದವನಿಗೆ ಅರ್ಥವಾಗುವ ಮಾತು.

ಶಿರ್ವದ ಹುಡುಗ:

ಅಕ್ಕಾ, ನಮಸ್ಕಾರ. ನಾನು ಬೇರ್‌ಶೇವಾದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅವರ ಮನೆಯಲ್ಲೇ ವಾಸ. ನಮಗೆ ಮತವಿಲ್ಲ, ಆದರೂ ಚುನಾವಣೆ ಬಂದರೆ ಇಡೀ ಮನೆಯ ಗಲಾಟೆ ನಮ್ಮ ತಲೆಯ ಮೇಲೇ. ಟಿ.ವಿ.ಯ ಸದ್ದು ಹೆಚ್ಚಿಸು, ಕಡಿಮೆ ಮಾಡು, ಇವನ ಮುಖ ಬಂದರೆ ಚಾನೆಲ್ ಬದಲಿಸು.

ನಮ್ಮ ಅಜ್ಜಿ ಮೊರಾಕ್ಕೊದವರು. ಐವತ್ತರ ದಶಕದಲ್ಲಿ ಚಿಕ್ಕ ಹುಡುಗಿಯಾಗಿ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಬಂದರಂತೆ. ಇಳಿದ ಕೂಡಲೇ ತಲೆಗೆ ಡಿಡಿಟಿ ಪುಡಿ ಹೊಡೆದದ್ದನ್ನು ಇಂದಿಗೂ ಕೈಸನ್ನೆಯಲ್ಲಿ ಮಾಡಿ ತೋರಿಸುತ್ತಾರೆ. ಆಮೇಲೆ "ಮಆಬಾರಾ", ಅಂದರೆ ಡೇರೆ ತಗಡುಗಳ ಶಿಬಿರ. ಅಪ್ಪ ಅಲ್ಲಿ ಅಕ್ಕಸಾಲಿಗ, ಇಲ್ಲಿ ರಸ್ತೆಯ ಜಲ್ಲಿ ಕೆಲಸ. ಆ ಕೆಲಸ ಸಿಗಲೂ ಕಾರ್ಮಿಕ ಸಂಘದ ಕೆಂಪು ಪುಸ್ತಕ ಬೇಕಿತ್ತಂತೆ, ಅದನ್ನು ಕೊಡುವ ಮೇಜಿನ ಹಿಂದೆ ಕೂತವನು ಮಪಾಯಿ ಪಕ್ಷದವನು. ಆ ಮಪಾಯಿಯೇ ಮುಂದೆ ಲೇಬರ್ ಆದದ್ದು. ಹಾಗಾಗಿ ಅಜ್ಜಿಗೆ "ಎಡ" ಎಂದರೆ ಬಡವರ ಪಕ್ಷವಲ್ಲ, ಆ ಮೇಜಿನ ಹಿಂದೆ ಕೂತು ಅಪ್ಪನ ಹೆಸರನ್ನು ತಪ್ಪಾಗಿ ಬರೆದುಕೊಂಡ ಗುಮಾಸ್ತ. ಗೋಡೆಯ ಮೇಲೆ ಲಿಕುಡ್‌ನ ಮೊದಲ ಪ್ರಧಾನಿ ಬೇಗಿನ್ ಅವರ ಫೋಟೋ ಇದೆ, ತಿಂಗಳಿಗೊಮ್ಮೆ ನಾನೇ ಒರೆಸುತ್ತೇನೆ.

2022ರಲ್ಲಿ ಗಾಲಿಕುರ್ಚಿಯಲ್ಲಿ ಮತಗಟ್ಟೆಗೆ ಕರೆದುಕೊಂಡು ಹೋಗಿದ್ದೆ. ಮೊಮ್ಮಗ ಜೊತೆಗಿದ್ದ. ಪರದೆಯ ಹಿಂದೆ ಹೋಗಿ ಬರಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ನೀವು ಹತ್ತು ನಿಮಿಷ ನಿಂತಿರಿ ಎಂದು ಓದಿದಾಗ ಅದೇ ನೆನಪಾಯಿತು.

ಇನ್ನೊಂದು ವಿಷಯ. ಆ ಸಲದ ಪ್ರಚಾರದಲ್ಲಿ ಬೀಬಿ ಗುಂಡು ನಿರೋಧಕ ಗಾಜು ಹಾಕಿದ ಲಾರಿಯಲ್ಲಿ ಊರೂರು ಸುತ್ತುತ್ತಿದ್ದರು. ಎಡಪಕ್ಷದವರು ಒಬ್ಬರಾದರೂ ನಮ್ಮ ಬೀದಿಗೆ ಬಂದದ್ದನ್ನು ನಾನು ನೋಡಲಿಲ್ಲ. ಒಂದು ಕರಪತ್ರವೂ ಬರಲಿಲ್ಲ. ಪೆಟ್ಟಿಗೆ ತೆರೆದು ಕಾಗದ ತರುವವನು ನಾನೇ, ಹಾಗಾಗಿ ಗೊತ್ತು.

ಮೈಸೂರಿನ ನಿವೃತ್ತ ಮೇಷ್ಟ್ರು:

ಶಿರ್ವದ ತಮ್ಮ ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಆ ಬೇಗಿನ್ ಫೋಟೋದ ಹಿಂದೆ 1981ರ ಒಂದು ರಾತ್ರಿ ಇದೆ. ಪ್ರಚಾರ ಭಾಷಣ ಹೇಗೆ ಬೂಮರಾಂಗ್ ಆಗುತ್ತದೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದ ಉದಾಹರಣೆ ಇದೇ.

1981ರ ಜೂನ್ 27, ಟೆಲ್ ಅವೀವ್‌ನ ಇಸ್ರೇಲಿನ ರಾಜರ ಚೌಕ (ಈಗಿನ ರಾಬಿನ್ ಚೌಕ). ಲೇಬರ್ ಮೈತ್ರಿಕೂಟದ ಬೃಹತ್ ಸಭೆ. ವೇದಿಕೆಯ ಮೇಲೆ ಟಿ.ವಿ. ವಿನೋದಗಾರ ದುದು ತೋಪಾಜ್. ಜನರನ್ನು ನಗಿಸುವ ಹುಮ್ಮಸ್ಸಿನಲ್ಲಿ, ಈ ಸಭೆಯಲ್ಲಿ "ಚಖ್‌ಚಖಿಮ್" ಇಲ್ಲದಿರುವುದೇ ಸಂತೋಷ, ಅವರೆಲ್ಲ ಲಿಕುಡ್ ಕಚೇರಿಯಲ್ಲಿದ್ದಾರೆ, ಸೈನ್ಯಕ್ಕೆ ಬಂದರೂ ಗೇಟು ಕಾಯಲಷ್ಟೇ ಲಾಯಕ್ಕು ಎಂಬರ್ಥದ ಮಾತಾಡಿದ. ಆ ಪದ ಉತ್ತರ ಆಫ್ರಿಕಾ ಮೂಲದ ಯಹೂದಿಗಳನ್ನು ಹೀಗಳೆಯುವ ಬೈಗುಳ. ಸಭೆ ನಕ್ಕಿತು.

ಮರುದಿನ ಅದೇ ಚೌಕದಲ್ಲಿ ಬೇಗಿನ್ ಸಭೆ. ಪೋಲೆಂಡಿನಿಂದ ಬಂದ, ಸೂಟು ಟೈ ಬಿಡದ ಮನುಷ್ಯ. ತೋಪಾಜ್ ಹೇಳಿದ್ದನ್ನು ಎತ್ತಿಕೊಂಡು, ನನಗೆ ಈ ಪದದ ಅರ್ಥವೇ ಗೊತ್ತಿರಲಿಲ್ಲ ಎಂದು ಶುರುಮಾಡಿದರು. ಆಮೇಲೆ 1947ರಲ್ಲಿ ಬ್ರಿಟಿಷರ ಜೈಲಿನಲ್ಲಿ ನೇಣಿಗೆ ಕಾದಿದ್ದ ಇಬ್ಬರ ಕಥೆ. ಒಬ್ಬ ಯುರೋಪ್ ಮೂಲದವನ ಮಗ ಫೈನ್‌ಸ್ಟೈನ್, ಇನ್ನೊಬ್ಬ ಇರಾಕ್‌ನ ಬರಜಾನಿ. ಕಿತ್ತಳೆ ಹಣ್ಣಿನೊಳಗೆ ಅಡಗಿಸಿ ತಂದ ಗ್ರೆನೇಡನ್ನು ಇಬ್ಬರೂ ಎದೆಗಳ ನಡುವೆ ಇಟ್ಟುಕೊಂಡು ಸ್ಫೋಟಿಸಿಕೊಂಡವರು. ಅಷ್ಕೆನಾಜಿಯೇ (ಯುರೋಪ್ ಮೂಲದವನೇ)? ಇರಾಕಿಯೇ? ಯಹೂದಿಗಳು! ಸೋದರರು! ಹೋರಾಟಗಾರರು! ಎಂದು ಬೇಗಿನ್ ಗುಡುಗಿದರು. ಎರಡು ದಿನದ ನಂತರ ಮತದಾನ. ಲಿಕುಡ್ 48, ಲೇಬರ್ ಕೂಟ 47.

ಆ ಒಂದು ಸ್ಥಾನ ತೋಪಾಜ್ ನಾಲಿಗೆಯಿಂದಲೇ ಹೋಯಿತೆಂದು ನಾನು ಹೇಳಲಾರೆ. ಆದರೆ ಪಾಠ ಕಲಿಯಲಿಲ್ಲ ನೋಡಿ. 2015ರ ಮಾರ್ಚ್‌ನಲ್ಲಿ ಅದೇ ಚೌಕ, ನೆತನ್ಯಾಹು ವಿರೋಧಿ ಸಭೆ. ಯಾಯಿರ್ ಗಾರ್ಬುಜ್ ಎಂಬ ಚಿತ್ರಕಲಾವಿದರು ತಾಯಿತಕ್ಕೆ ಮುತ್ತಿಡುವವರು, ಗೋರಿಗಳಿಗೆ ಅಡ್ಡಬೀಳುವವರು ನಮ್ಮನ್ನು ಆಳುತ್ತಿದ್ದಾರೆ ಎಂಬಂತೆ ಮಾತಾಡಿದರು. ಬೇರ್‌ಶೇವಾದ ಅಜ್ಜಿಯ ಬಾಗಿಲ ಚೌಕಟ್ಟಿನಲ್ಲಿರುವ ಮೆಜೂಜಾಕ್ಕೆ (ಧರ್ಮಗ್ರಂಥದ ಸಾಲುಗಳಿರುವ ಪುಟ್ಟ ಕರಂಡಕ್ಕೆ) ಆಕೆ ದಿನವೂ ಮುತ್ತಿಡುತ್ತಿರಬೇಕಲ್ಲವೇ?

ಶಿರ್ವದ ಹುಡುಗ:

ಹೌದು ಮೇಷ್ಟ್ರೇ. ಈಗ ಕೈ ಎಟುಕುವುದಿಲ್ಲ. ನನ್ನ ಕೈಯಿಂದ ಮುಟ್ಟಿಸಿ, ಆ ಕೈಗೆ ಮುತ್ತಿಡುತ್ತಾರೆ.

ಸುಮ್ಮನೆ ಓದುವವ:

ಒಂದು ದಡ್ಡ ಪ್ರಶ್ನೆ. ಮೆರೆಟ್ಸ್, ಲೇಬರ್ ಎರಡೂ ಎಡವೇ ಆದರೆ ಒಂದಾಗಿ ನಿಂತಿದ್ದರೆ ಕಥೆಯೇ ಮುಗಿಯುತ್ತಿತ್ತಲ್ಲ?

ಲೆಕ್ಕದ ಶಾನುಭೋಗ:

ದಡ್ಡ ಪ್ರಶ್ನೆಯೇನಲ್ಲ, ಆ ವರ್ಷ ಎಲ್ಲರೂ ಕೇಳಿದ್ದು ಅದನ್ನೇ. ಮೆರೆಟ್ಸ್‌ನ ಝಹಾವಾ ಗಲೋನ್ ಒಪ್ಪಿದ್ದರು, ಲಪೀದ್ ಒತ್ತಾಯಿಸಿದರು, ಲೇಬರ್ ನಾಯಕಿ ಮೆರಾವ್ ಮಿಖಾಯೇಲಿ ಒಪ್ಪಲಿಲ್ಲ. ಈಗ ಎಲ್ಲರೂ ಅವರನ್ನೇ ಬೈಯುತ್ತಾರೆ. ಆದರೆ ಅಂಕಿ ನೋಡಿ. 2019ರ ಏಪ್ರಿಲ್‌ನಲ್ಲಿ ಬೇರೆ ಬೇರೆ ನಿಂತು ಲೇಬರ್‌ಗೆ 6, ಮೆರೆಟ್ಸ್‌ಗೆ 4. ಸೆಪ್ಟೆಂಬರ್‌ನಲ್ಲಿ 6 ಮತ್ತು 5. 2020ರಲ್ಲಿ ಒಂದೇ ಪಟ್ಟಿಯಾಗಿ ನಿಂತರೆ ಒಟ್ಟು 7. 2021ರಲ್ಲಿ ಮತ್ತೆ ಬೇರೆಯಾದರೆ 7 ಮತ್ತು 6, ಒಟ್ಟು 13. ಒಂದಾದರೆ ಮತ ಕೂಡುವುದಿಲ್ಲ, ಸೋರುತ್ತದೆ ಎಂಬ ಆಕೆಯ ವಾದಕ್ಕೆ ಹುರುಳಿತ್ತು. ಹೋದ ಪಂದ್ಯದ ಅಂಕಿಯನ್ನು ನೆಚ್ಚಿಕೊಂಡದ್ದೇ ತಪ್ಪಾಯಿತು.

ಅತ್ತ ಬಲಗಡೆ ನೋಡಿ. ತೀವ್ರ ಬಲಪಂಥದ ಸ್ಮೋತ್ರಿಚ್ ಮತ್ತು ಬೆನ್ ಗ್ವೀರ್ ಜಗಳವಾಡಿಕೊಂಡು ಬೇರೆಯಾಗುವುದರಲ್ಲಿದ್ದರು. ನೆತನ್ಯಾಹು ಇಬ್ಬರನ್ನೂ ಕೂರಿಸಿ ಒಂದೇ ಪಟ್ಟಿ ಮಾಡಿಸಿದರು. 14 ಸ್ಥಾನ ಬಂತು. ಹರೇದಿಗಳ, ಅಂದರೆ ಕಟ್ಟಾ ಸಂಪ್ರದಾಯಸ್ಥ ಯಹೂದಿಗಳ, ಎರಡು ಬಣಗಳು ಮುರಿದುಕೊಳ್ಳುವ ಹಂತದಲ್ಲಿದ್ದಾಗಲೂ ಅವರೇ ನಡುವೆ ಬಂದು ಬೆಸೆದರು. ತನ್ನ ಪಕ್ಷವಲ್ಲದ ಪಕ್ಷಗಳ ಮದುವೆಯನ್ನೂ ನಿಂತು ಮಾಡಿಸುವ ಒಬ್ಬ ದಲ್ಲಾಳಿ ಅಲ್ಲಿದ್ದ. ಎಡಗಡೆ ಎಲ್ಲರೂ ಮದುಮಕ್ಕಳೇ.

ಜಯನಗರ ನಾಲ್ಕನೇ ಬ್ಲಾಕ್:

ಇದನ್ನು ಮಾತ್ರ ಒಪ್ಪುತ್ತೇನೆ. ಬೀಬಿಯನ್ನು ಇಷ್ಟಪಡದ ನನ್ನ ಸಹೋದ್ಯೋಗಿಯೂ ಆ ವಿಷಯದಲ್ಲಿ ಕೈಮುಗಿಯುತ್ತಿದ್ದ.

ರಾಯಚೂರು ಕಡೆಯವ:

ಐದು ಜನರಲ್ಲಿ ಒಬ್ಬ ಅರಬ್ ಪ್ರಜೆ ಇರುವ ದೇಶ. ಎಡಪಕ್ಷಗಳು ಅವರ ಜೊತೆ ಸೇರದೆ ಬಹುಮತ ಬರುವುದು ಯಾವ ಕಾಲಕ್ಕೆ? ಇಷ್ಟು ಸರಳ ಲೆಕ್ಕ ಅವರಿಗೆ ಹೊಳೆಯುವುದಿಲ್ಲವೇ?

ಹೈಫಾದ ಸೊಸೆ:

ಹೊಳೆಯುತ್ತದೆ, ಮತದಾನದ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ. ಇದು ನನ್ನ ಮಾತಲ್ಲ. ನಮ್ಮ ಹದಾರ್ ಬಡಾವಣೆಯ ಕೆಳಗೆ ವಾದಿ ನಿಸ್ನಾಸ್ ಕಡೆ ಒಂದು ಔಷಧಿ ಅಂಗಡಿ ಇದೆ. ಅಂಗಡಿಯವರು ಅರಬ್ ಕ್ರೈಸ್ತರು, ಪ್ರತಿ ಸಲ ಹದಾಶ್‌ಗೆ ಹಾಕುವವರು. "ಬೆಳಿಗ್ಗೆಯಿಂದ ನಾವು ನಿಮಗೆ ಕಾಣುವುದಿಲ್ಲ. ಅರಬ್ ಊರುಗಳಲ್ಲಿ ಮತದಾನ ಕಡಿಮೆ ಎಂದು ರೇಡಿಯೊ ಹೇಳಿದ ತಕ್ಷಣ ಪ್ರಜಾಪ್ರಭುತ್ವ ಉಳಿಸಲು ನಮ್ಮನ್ನು ಕರೆಯುತ್ತೀರಿ. ಉಳಿಸಿದ ಮೇಲೆ ಮತ್ತೆ ಬಾಗಿಲು ಹಾಕಿಕೊಳ್ಳುತ್ತೀರಿ" ಎಂದರು. ನನ್ನ ಕೈಯಲ್ಲಿ ಮಾತ್ರೆಯ ಚೀಟಿ ಇತ್ತು, ಉತ್ತರ ಇರಲಿಲ್ಲ.

2015ರಲ್ಲಿ ನೆತನ್ಯಾಹು ಆ ಬಸ್ಸುಗಳ ಮಾತಾಡಿದರು ಎಂದು ನಾವು ಇಂದಿಗೂ ಎದೆ ಬಡಿದುಕೊಳ್ಳುತ್ತೇವೆ. ಅದೇ ಚುನಾವಣೆಗೆ ಮುಂಚೆ ಬಲದ್ ಪಕ್ಷದ ಹನೀನ್ ಜುವಾಬಿ ಸ್ಪರ್ಧಿಸದಂತೆ ತಡೆಯುವ ಪ್ರಸ್ತಾಪ ಚುನಾವಣಾ ಸಮಿತಿಗೆ ಬಂದಾಗ ಲೇಬರ್ ಇದ್ದ ಜಿಯೋನಿಸ್ಟ್ ಯೂನಿಯನ್ ಕೂಡ ಅದರ ಪರ ನಿಂತಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ನಡುಪಂಥದ ನಾಲ್ಕು ಮತ ಸಿಗಲಿ ಎಂಬ ಆಸೆ. ಆ ನಾಲ್ಕು ಮತವೂ ಸಿಗಲಿಲ್ಲ, ಇತ್ತ ಔಷಧಿ ಅಂಗಡಿಯವರ ಮನಸ್ಸೂ ಕೆಟ್ಟಿತು.

ಬೇಲಿಯ ಚರಿತ್ರೆಯಲ್ಲಿಯೂ ಅದೇ ಇದೆ. 2014ರಲ್ಲಿ ಅದನ್ನು 2ರಿಂದ 3.25ಕ್ಕೆ ಏರಿಸಲು ಮುಂದೆ ನಿಂತವರು ಬಲಪಂಥದ ನಾಯಕ ಲೀಬರ್ಮನ್. ಅರಬ್ ಪಕ್ಷಗಳನ್ನು ಹೊರಹಾಕುವುದಕ್ಕೇ ಇದು ಎಂದು ಎಲ್ಲರೂ ಹೇಳಿದರು. ಅವು ನಾಲ್ಕೂ ಒಂದಾಗಿ ಜಂಟಿ ಪಟ್ಟಿ ಕಟ್ಟಿ 13 ಸ್ಥಾನ ಗೆದ್ದು ಮೂರನೆಯ ದೊಡ್ಡ ಪಟ್ಟಿಯಾದವು. 2020ರಲ್ಲಿ 15. ಲೀಬರ್ಮನ್ ಪಕ್ಷವೇ ಕೆಲವು ಸಲ ಆ ಬೇಲಿಯ ಹತ್ತಿರ ಓಲಾಡಿದೆ. ಕೊನೆಗೆ 2022ರಲ್ಲಿ ಜಂಟಿ ಪಟ್ಟಿ ಒಡೆದು ಬಲದ್ ಒಂಟಿಯಾಯಿತು, ಮೆರೆಟ್ಸ್ ಕೂಡ ಅದೇ ಬೇಲಿಗೆ ಸಿಕ್ಕಿಬಿತ್ತು.

ಪ್ರಯತ್ನವೇ ಆಗಿಲ್ಲ ಎನ್ನಲಾರೆ. 2021ರ ಸರ್ಕಾರದಲ್ಲಿ ಮನ್ಸೂರ್ ಅಬ್ಬಾಸ್ ಅವರ ಅರಬ್ ಪಕ್ಷ ರಅಮ್ ಜೊತೆಗಿತ್ತು, ಮೆರೆಟ್ಸ್‌ನ ಇಸಾವಿ ಫ್ರೇಜ್ ಮಂತ್ರಿಯಾಗಿದ್ದರು. ಆದರೆ ಪ್ರಚಾರಕ್ಕೆ ಬಂದಾಗ ಆ ಸಾಧನೆಯನ್ನು ಹೆಮ್ಮೆಯಿಂದ ಹೇಳಿಕೊಂಡವರು ಕಡಿಮೆ. ಅತ್ತ ಬೆನ್ ಗ್ವೀರ್ "ಇಲ್ಲಿ ಮನೆಯ ಯಜಮಾನ ಯಾರು?" ಎಂದು ಬೀದಿಬೀದಿಯಲ್ಲಿ ಕೇಳುತ್ತಿದ್ದರು. "ಇಬ್ಬರೂ" ಎಂದು ನಮ್ಮ ಕಡೆಯವರೊಬ್ಬರಾದರೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಬಹುದಿತ್ತು. ನಾಲ್ಕು ಮತ ಹೋಗುತ್ತಿದ್ದವೇನೋ. ಬರೆಸದೆಯೂ ನಾಲ್ಕು ಸಾವಿರ ಹೋದವಲ್ಲ.

ಶಿರ್ವದ ಹುಡುಗ:

ನಿನ್ನೆ ಅಜ್ಜಿಗೆ ಈ ಚರ್ಚೆಯ ವಿಷಯ ಹೇಳಿದೆ. ನನ್ನ ಹೀಬ್ರೂ ಅಡುಗೆಮನೆಯ ಹೀಬ್ರೂ, ಆದರೂ ಅರ್ಥವಾಯಿತು. ಜೀವಮಾನದಲ್ಲಿ ಒಂದೇ ಒಂದು ಸಲ "ಎಮೆತ್" ಚೀಟಿ ಹಾಕಿದ್ದಾರಂತೆ, 2006ರಲ್ಲಿ, ಅಮೀರ್ ಪೆರೆಟ್ಜ್ ಲೇಬರ್ ನಾಯಕನಾಗಿದ್ದಾಗ. ಮೊರಾಕ್ಕೊದಲ್ಲಿ ಹುಟ್ಟಿ ಸ್ದೆರೋತ್‌ನಲ್ಲಿ ಬೆಳೆದವನು, ಕನಿಷ್ಠ ಕೂಲಿಯ ಮಾತಾಡಿದವನು, ನಮ್ಮ ಹುಡುಗ ಎಂದು ಹಾಕಿದರಂತೆ. ಗೆದ್ದ ಮೇಲೆ ಕೂಲಿಯ ಖಾತೆ ಬಿಟ್ಟು ರಕ್ಷಣಾ ಖಾತೆ ಹಿಡಿದ. "ಆಮೇಲೆ ಮೀಸೆಯನ್ನೂ ಬೋಳಿಸಿಕೊಂಡ" ಎಂದು ಅಜ್ಜಿ ನಕ್ಕರು. ಇದೇನೆಂದು ನನಗೆ ತಿಳಿಯಲಿಲ್ಲ.

ಮೈಸೂರಿನ ನಿವೃತ್ತ ಮೇಷ್ಟ್ರು:

ನಿಜವಾಗಿಯೂ ನಡೆದದ್ದು. ಪೆರೆಟ್ಜ್ ಮೀಸೆ ಇಸ್ರೇಲಿನಲ್ಲಿ ಬಹಳ ಪ್ರಸಿದ್ಧ. 2019ರ ಆಗಸ್ಟ್‌ನಲ್ಲಿ, ನಾನು ನೆತನ್ಯಾಹು ಜೊತೆ ಸರ್ಕಾರ ಸೇರುವುದಿಲ್ಲ, ನನ್ನ ತುಟಿಗಳನ್ನು ಓದಿಕೊಳ್ಳಿ ಎಂದು ಹೇಳಲು ದಶಕಗಳ ಮೀಸೆಯನ್ನು ಬೋಳಿಸಿಕೊಂಡರು. 2020ರಲ್ಲಿ ನೆತನ್ಯಾಹು ಸರ್ಕಾರದಲ್ಲೇ ಮಂತ್ರಿಯಾದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತೇವಲ್ಲ, ಈ ಜಟ್ಟಿ ಬೀಳುವ ಮುಂಚೆಯೇ ಮುಂಜಾಗ್ರತೆ ವಹಿಸಿದ್ದ.

ಸುಮ್ಮನೆ ಓದುವವ:

ಚಹಾ ಕುಡಿಯುತ್ತಾ ಓದುತ್ತಿದ್ದೆ ಮೇಷ್ಟ್ರೇ, ಅಂಗಿ ಹಾಳಾಯಿತು.

ಲೆಕ್ಕದ ಶಾನುಭೋಗ:

ಅಜ್ಜಿಯ ಆ ಒಂದು ಚೀಟಿಯಲ್ಲೇ ಸ್ವಾರಸ್ಯವಿದೆ. 2003ರಲ್ಲಿ ಲೇಬರ್‌ಗೆ 19, ಪೆರೆಟ್ಜ್ ನಾಯಕತ್ವದಲ್ಲಿ 2006ರಲ್ಲೂ 19. ಅಂಕಿ ನೋಡಿದರೆ ಏನೂ ಬದಲಾಗಿಲ್ಲ. ಆದರೆ ಒಳಗಿನ ಜನ ಬದಲಾಗಿದ್ದರು. ಅಜ್ಜಿಯಂಥವರು ಒಳಗೆ ಬಂದರು, ಟೆಲ್ ಅವೀವ್ ಕಡೆಯ ಹಳಬರು ಅಷ್ಟೇ ಸಂಖ್ಯೆಯಲ್ಲಿ ಎದ್ದು ನಡುಪಂಥದ ಹೊಸ ಪಕ್ಷ ಕದೀಮಾಕ್ಕೆ ಹೋದರು. ಲೇಬರ್‌ನ ಹಿರಿಯ ನಾಯಕ ಪೆರೆಸ್ ಅವರೇ ಹೋದರಲ್ಲ. ಹಾಗಾಗಿ ಬರೀ ಪ್ರಚಾರಕರನ್ನು ಬೈದರೆ ಸಾಲದು. ಹೊಸಬರು ಪಕ್ಕದಲ್ಲಿ ಬಂದು ಕೂತರೆ ಜಾಗ ಖಾಲಿ ಮಾಡುವ ಹಳೆಯ ಮತದಾರರೂ ಇದರಲ್ಲಿ ಪಾಲುದಾರರು. ನಿಮಗೆ ಬೇಸರವಾದರೆ ಕ್ಷಮಿಸಿ.

ಹೈಫಾದ ಸೊಸೆ:

ಬೇಸರವಾಯಿತು, ಆದರೂ ನಿಜ. ನನ್ನ ಮಾವನವರು 2006ರಲ್ಲಿ ಕದೀಮಾಗೆ ಹಾಕಿದವರು. ಕಾರಣ ಕೇಳಿದರೆ ಇಂದಿಗೂ "ಪೆರೆಟ್ಜ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ" ಎನ್ನುತ್ತಾರೆ.

ಜಯನಗರ ನಾಲ್ಕನೇ ಬ್ಲಾಕ್:

ಈಗಿನ ಸ್ಥಿತಿ ಏನು? ಎರಡೂ ಪಕ್ಷ ಒಂದಾದವು ಎಂದು ಓದಿದ್ದೆ.

ಹೈಫಾದ ಸೊಸೆ:

ಹೌದು. 2024ರ ಮೇ ತಿಂಗಳಲ್ಲಿ ಯಾಯಿರ್ ಗೋಲಾನ್ ಲೇಬರ್ ನಾಯಕರಾಗಿ ಆಯ್ಕೆಯಾದರು, ಜುಲೈನಲ್ಲಿ ಎರಡೂ ಸೇರಿ "ಡೆಮಾಕ್ರಟಿಮ್" ಆದವು. ಗೋಲಾನ್ ಸೇನೆಯ ಉಪಮುಖ್ಯಸ್ಥರಾಗಿದ್ದವರು. ಅಕ್ಟೋಬರ್ 7ರಂದು ತಾವೇ ಕಾರು ಓಡಿಸಿಕೊಂಡು ದಕ್ಷಿಣಕ್ಕೆ ಹೋಗಿ ಸಂಗೀತೋತ್ಸವದಿಂದ ತಪ್ಪಿಸಿಕೊಂಡ ಯುವಕರನ್ನು ಕರೆತಂದವರು. ಬೇಲಿಯ ಭಯ ಸದ್ಯಕ್ಕೆ ತಪ್ಪಿದಂತಿದೆ. ನನ್ನ ಮನೆಯಲ್ಲಿ ಮತ್ತೆ ಹುಗ್ ಬಾಯಿತ್ ಮಾಡಲು ಕೇಳಿದ್ದಾರೆ. ಅದೇ ಹದಿನಾಲ್ಕು ಜನ ಬರುತ್ತಾರೆ, ಈ ಸಲ "ಎಷ್ಟು ಸ್ಥಾನ ಬರುತ್ತದೆ?" ಎಂದು ಕೇಳುತ್ತಾರೆ. ನನಗೆ ಉತ್ಸಾಹವಿಲ್ಲ.

ಶಿರ್ವದ ತಮ್ಮಾ, ನಿಮ್ಮ ಅಜ್ಜಿಯನ್ನು ನೋಡಲು ಬರಬಹುದೇ? ಮತ ಕೇಳುವುದಕ್ಕಲ್ಲ. ಆ ಡೇರೆಯ ಕಥೆ ಕೇಳಬೇಕು.

ಶಿರ್ವದ ಹುಡುಗ:

ಕೇಳಿದೆ ಅಕ್ಕಾ. "ಹೈಫಾದಿಂದ ಎಡಪಕ್ಷದವಳು ನಮ್ಮ ಮನೆಗೆ? ಚುನಾವಣೆ ಘೋಷಣೆಯಾಯಿತೇ?" ಎಂದರು. ಇನ್ನೂ ಇಲ್ಲ ಎಂದೆ. "ಹಾಗಾದರೆ ಬರಲಿ" ಎಂದರು.

ಹೈಫಾದ ಸೊಸೆ:

ಹೈಫಾದಿಂದ ನೇರ ರೈಲು ಇದೆ. ಶನಿವಾರ ಹಗಲು ಓಡುವುದಿಲ್ಲ, ಭಾನುವಾರ ಸೈನಿಕರ ನೂಕುನುಗ್ಗಲು. ಸೋಮವಾರ ಆಗಬಹುದೇ? ಚಕ್ಕುಲಿ ಮಾಡಿ ತರುತ್ತೇನೆ.

ಶಿರ್ವದ ಹುಡುಗ:

ಸೋಮವಾರ ಬೆಳಿಗ್ಗೆ ಅವರಿಗೆ ರಕ್ತಪರೀಕ್ಷೆ ಇದೆ, ಹನ್ನೊಂದರ ಮೇಲೆ ಬನ್ನಿ. ಚಕ್ಕುಲಿ ನನಗೆ ತನ್ನಿ, ಅಜ್ಜಿಗೆ ಹಲ್ಲಿಲ್ಲ. ಅವರಿಗೆ ಮೆತ್ತಗಿನದು ಏನಾದರೂ ಇರಲಿ. ಮತ್ತೆ ಒಳಗೆ ಬರುವಾಗ ಬಾಗಿಲ ಬಲಗಡೆ ಮೆಜೂಜಾ ಇದೆ, ಮುಟ್ಟಲು ಮರೆಯಬೇಡಿ. ಅವರು ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿರುತ್ತಾರೆ.